ಕುಂಕುಮ ಕೊಟ್ಟು ಕರೆದ ಕಾಲ್ಚೆಂಡು

ನಮ್ಮ ಮನೆಗೆ ಬಂದ ಹೆಣ್ಣುಮಕ್ಕಳು ಹೊರಟು ನಿಂತಾಗ ನಾನು ಕುಂಕುಮದ ಬೆಳ್ಳಿ ತಟ್ಟೆ ಹಿಡಿದು ಬಂದರೆ, ಹೊಸಬರು ಹಣೆ ಮುಂದೆ ಮಾಡುವ ಮೊದಲು ತಟ್ಟೆಯನ್ನು ನೋಡುತ್ತಾರೆ. ಅವರ ತಪ್ಪಲ್ಲ. ಅಂಚಿನ ತುಂಬ ಬಳ್ಳಿ, ಬಳ್ಳಿಯ ನಡುವೆ ಅಲ್ಲೊಂದು ಇಲ್ಲೊಂದು ಹಂಸ, ಎಲ್ಲ ನಾಜೂಕಾದ ಕೆಲಸ. ನಟ್ಟನಡುವೆ ಮಾತ್ರ ಯಾರೋ ಸಿಟ್ಟಿನಿಂದ ಕುಟ್ಟಿದ ಹಾಗೆ ತಗ್ಗುಗಳು. ಎಷ್ಟು ಉಜ್ಜಿ ತೊಳೆದರೂ ಆ ತಗ್ಗುಗಳಲ್ಲಿ ಒಂಚೂರು ಕುಂಕುಮ ಉಳಿದೇ ಇರುತ್ತದೆ.

“ಅಯ್ಯೋ, ಇಂಥ ತಟ್ಟೆ ಹಿಂಗ್ಯಾಕಾತ್ರೀ?” ಎನ್ನುತ್ತಾರೆ.

“ಫುಟ್‌ಬಾಲ್ ಆಟದಾಗೆ ಆಗಿದ್ದು,” ಎನ್ನುತ್ತೇನೆ ನಾನು.

ಮನೆಯ ಮಕ್ಕಳು ಒದ್ದ ಚೆಂಡು ದೇವರ ಕೋಣೆಗೆ ಬಂದು ಬಿದ್ದಿರಬೇಕು ಎಂದುಕೊಂಡು ಅವರು ಮಕ್ಕಳ ಪುಂಡಾಟದ ಬಗ್ಗೆ ಎರಡು ಮಾತಾಡಿ ಹೋಗುತ್ತಾರೆ. ನಾನೂ ತಿದ್ದುವುದಿಲ್ಲ. ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಕಥೆ ಅದಲ್ಲ. ನೀವಾದರೆ ಕೂತಿದ್ದೀರಿ, ಕೇಳಿ.

ನಾನು ಮದುವೆಯಾಗಿ ಚಳ್ಳಕೆರೆಗೆ ಬಂದದ್ದು ತೊಂಬತ್ತರ ದಶಕದ ಮೊದಮೊದಲಲ್ಲಿ. ಓದಿದ್ದು ದಾವಣಗೆರೆಯ ಒಂದು ಕಾನ್ವೆಂಟಿನಲ್ಲಿ. ಅಲ್ಲಿಯ ಸಿಸ್ಟರುಗಳು ನಮಗೆ ಪಾಠಕ್ಕಿಂತ ಹೆಚ್ಚಾಗಿ ಕಲಿಸಿದ್ದು ಸದ್ದು ಮಾಡದೆ ಇರುವುದನ್ನು. ಕುರ್ಚಿ ಎಳೆದರೆ ಸದ್ದಾಗಬಾರದು, ಚಮಚ ಲೋಟಕ್ಕೆ ತಾಗಬಾರದು. ಆಟೋಟದ ದಿನ ನಮ್ಮ ತಂಡವೇ ಗೆದ್ದರೂ ಬೆರಳ ತುದಿಯನ್ನು ಅಂಗೈಗೆ ಮೂರು ಸಲ ತಾಗಿಸಿದರೆ ಅದೇ ಚಪ್ಪಾಳೆ. ಆ ಚಪ್ಪಾಳೆ ನನ್ನ ಕೈಗೆ ಅಂಟಿಕೊಂಡುಬಿಟ್ಟಿದೆ. ನಾನು ಚಪ್ಪಾಳೆ ತಟ್ಟಿದರೆ ಪಕ್ಕದವರು ಸೊಳ್ಳೆ ಹೊಡೆದಳು ಎಂದುಕೊಳ್ಳುತ್ತಾರೆ.

ಇಂಥವಳು ಬಂದು ಸೇರಿದ್ದು ಎಣ್ಣೆ ಮಿಲ್ಲಿನ ಮನೆಗೆ. ಗಾಣದ ಸದ್ದು, ಲಾರಿ ಸದ್ದು, ಹಮಾಲರ ಕೂಗು. ಮನೆಯ ಗೋಡೆ, ದಿಂಬು, ಮಡಿಸಿಟ್ಟ ಸೀರೆ ಎಲ್ಲದಕ್ಕೂ ಶೇಂಗಾ ಹಿಂಡಿಯ ವಾಸನೆ. ಭಾವನವರು, ಅಂದರೆ ನಮ್ಮವರ ಅಣ್ಣ, ಮಿಲ್ಲು ನೋಡಿಕೊಳ್ಳುತ್ತಿದ್ದರು. ನಮ್ಮವರು ಮಿಲ್ಲು ನೋಡಿಕೊಳ್ಳುವವರ ಹಾಗೆ ಕಾಣುತ್ತ ಊರಿನ ಫುಟ್‌ಬಾಲ್ ಕ್ಲಬ್ಬು ನೋಡಿಕೊಳ್ಳುತ್ತಿದ್ದರು. ಅವರು ಕ್ಲಬ್ಬಿನ ಕಾರ್ಯದರ್ಶಿ. ಒಂದು ದಿನವೂ ಚೆಂಡು ಒದ್ದವರಲ್ಲ. ಊರಲ್ಲಿ ಚೆಂಡಿಗೆ ಗಾಳಿ ತುಂಬುವ ಪಂಪು ಇದ್ದದ್ದು ಇವರೊಬ್ಬರ ಹತ್ತಿರ, ಹಾಗಾಗಿ ಇವರೇ ಕಾರ್ಯದರ್ಶಿ. ಮದುವೆಯ ಹೊಸತರಲ್ಲಿ ನಮ್ಮ ಮಂಚದ ಕೆಳಗೆ ಯಾವಾಗಲೂ ಎರಡು ಚೆಂಡು ಇರುತ್ತಿದ್ದವು. ಕಸ ಗುಡಿಸುವಾಗ ಅವು ಉರುಳಿ ಬಂದು ನನ್ನ ಕಾಲಿಗೆ ತಾಗುತ್ತಿದ್ದವು, ಹಾಲಿಗೆ ಬಂದ ಬೆಕ್ಕಿನ ಮರಿಗಳ ಹಾಗೆ.

ಆಟದ ಬಯಲು ನಮ್ಮದೇ. ಮಿಲ್ಲಿನ ಹಿಂದಿನ ಹೊಲ ಅದು. ಮಾವನವರು ಇದ್ದಾಗ ಊರ ಹುಡುಗರಿಗೆ ಆಡಿಕೊಳ್ಳಲು ಬಿಟ್ಟಿದ್ದರು. ಎರಡು ತುದಿಗೆ ನೀಲಗಿರಿ ಕಂಬಗಳ ಗೋಲು, ಹಿಂದೆ ಕುರಿ ಮಂದೆ ಕೂಡಿಹಾಕುವ ಬಲೆ. ಮಾವನವರು ತೀರಿಕೊಂಡ ಮೇಲೆ ಹೊಲ ಅತ್ತೆಯ ಹೆಸರಿಗೆ ಬಂತು.

ಅತ್ತೆಯ ಬಗ್ಗೆ ಹೇಳಬೇಕು. ದೇವಸಮುದ್ರದ ಕಡೆಯ ಮಗಳು. ಸಣ್ಣ ಮೈ, ದೊಡ್ಡ ದನಿ, ಹಣೆ ತುಂಬ ವಿಭೂತಿ. ಸೊಂಟದಲ್ಲಿ ಎಲೆಅಡಿಕೆಯ ಚೀಲ, ಚೀಲದಲ್ಲಿ ಒಂದು ಅಡಕತ್ತರಿ. ಮಾತಿನ ನಡುವೆ ಅವರು ಅಡಿಕೆ ಕತ್ತರಿಸುವುದು ನಿಲ್ಲಿಸಿದರೆ ಮನೆಯಲ್ಲಿ ಎಲ್ಲರೂ ಹುಷಾರಾಗುತ್ತಿದ್ದೆವು. ಮುಂದೆ ಬರುವುದು ತೀರ್ಪು.

ಆ ವರ್ಷ ಅಡಕತ್ತರಿ ನಿಂತದ್ದು ಒಂದು ಬೆಳಗಿನ ಊಟದ ಹೊತ್ತಿನಲ್ಲಿ. ಭಾವನವರು ರೊಟ್ಟಿ ಮುರಿಯುತ್ತಾ ಶುರುಮಾಡಿದರು.

“ಅವ್ವಾ, ಆ ಹೊಲ ಸುಮ್ಕೆ ಬಿದ್ದೈತೆ. ಕಾಂಪೌಂಡ್ ಹಾಕಿ ಸಿಮೆಂಟಿನ ಕಣ ಮಾಡಿದ್ರೆ ಶೇಂಗಾ ಒಣಗಾಕಬಹುದು. ಈಗ ರಸ್ತೆ ಪಕ್ಕ ಹಾಕಿ, ಅರ್ಧ ಹಂದಿ ತಿಂತಾವೆ.”

“ಸುಮ್ಕೆ ಎಲ್ಲಿ ಬಿದ್ದೈತೆ? ಹುಡುಗ್ರು ಆಡ್ತಾರಲ್ಲ,” ಎಂದರು ನಮ್ಮವರು.

“ಆಡೋರು ಹನ್ನೊಂದು ಜನ, ನೋಡೋನು ನೀನೊಬ್ಬ. ಊರಿನ ಕ್ಲಬ್ಬು ಅಂತೀಯ. ಊರು ಎಲ್ಲೈತಲೇ ಅಲ್ಲಿ?”

ನಮ್ಮವರ ಮುಖ ಸಣ್ಣಗಾಯಿತು. ಭಾವನವರು ಹೇಳಿದ್ದು ಸುಳ್ಳಲ್ಲ. ಜನ ಸೇರಿಸಲು ನಮ್ಮವರು ಮಾಡದ ಪ್ರಯತ್ನ ಇರಲಿಲ್ಲ. ಆಟೋಗೆ ಮೈಕು ಕಟ್ಟಿಸಿ ಊರೆಲ್ಲ ಕೂಗಿಸಿದರು. ಕೂಗುವವನು ಮಾಮೂಲಾಗಿ ಕುರಿಗಳ ಹೊಟ್ಟೆಹುಳದ ಔಷಧಿಗೆ ಕೂಗುವವನು. ಅದೇ ರಾಗದಲ್ಲಿ ಕೂಗಿದ್ದಕ್ಕೆ ಹಳ್ಳಿಯವರು ನಾಲ್ಕಾರು ಮಂದಿ ಕುರಿ ಹೊಡೆದುಕೊಂಡು ಬಯಲಿಗೆ ಬಂದಿದ್ದರು. ಇನ್ನೊಮ್ಮೆ ಎಲ್ಲರಿಗೂ ಟೀ ಎಂದರು. ಟೀ ಕುಡಿದ ಜನ ಲೋಟ ಇಟ್ಟು, “ಚೆನ್ನಾಗೈತೆ” ಎಂದು ಹೊರಟೇ ಹೋದರು. ಎಲ್ಲಕ್ಕಿಂತ ದೊಡ್ಡ ಅಡ್ಡಿ ಟಿವಿ. ಭಾನುವಾರ ಸಾಯಂಕಾಲ ಟಿವಿಯಲ್ಲಿ ಕನ್ನಡ ಸಿನಿಮಾ, ನಮ್ಮ ಹುಡುಗರ ಆಟವೂ ಅದೇ ಹೊತ್ತಿಗೆ. ಉಳಿದ ದಿನ ಆಡುವವರಿಗೆ ಕೂಲಿ ಕೆಲಸ.

ಆಗಲೇ ಅಡಕತ್ತರಿ ನಿಂತದ್ದು. ಅತ್ತೆ ಇಬ್ಬರು ಮಕ್ಕಳನ್ನೂ ನೋಡಿದರು.

“ಬರೋ ಭಾನುವಾರ ಮೊಳಕಾಲ್ಮೂರಿನೋರು ಆಡಾಕೆ ಬರ್ತಾರಲ್ಲ? ಅವತ್ತು ಹೊಲದ ನಾಕೂ ಕಡೆ ಜನ ಕುಂತಿದ್ರೆ ಹೊಲ ಹುಡುಗರದ್ದು. ಇಲ್ಲಾಂದ್ರೆ ಸೋಮವಾರ ದೊಡ್ಡೋನು ಇಟ್ಟಿಗೆ ಇಳಿಸ್ಕಳ್ಳಿ.” ಒಂದು ಚೂರು ಅಡಿಕೆ ಬಾಯಿಗೆ ಹಾಕಿಕೊಂಡರು. “ಅವರಿವರು ಹೇಳಿದ್ದಲ್ಲ. ನನ್ನ ಕಣ್ಣಾಗೆ ನಾ ನೋಡ್ಬೇಕು.”

ಆ ವಾರ ನಮ್ಮವರು ಊಟ ಮಾಡಿದ್ದು ನನಗೆ ನೆನಪಿಲ್ಲ. ಪಂಪನ್ನು ಬಿಚ್ಚುವುದು, ಎಣ್ಣೆ ಹಾಕುವುದು, ಜೋಡಿಸುವುದು. ಮಾತಾಡಿಸಿದರೆ “ಹ್ಞೂ” ಅಷ್ಟೇ. ಬಯಲಿನ ಹತ್ತಿರ ಹೋಗಿ ನೋಡಿದೆ. ಗೋಲ್ ಕೀಪರ್ ತಿಪ್ಪೇಸ್ವಾಮಿ ಒಬ್ಬನೇ ಬಲೆಗೆ ಬಿದ್ದ ತೂತು ಹೊಲಿಯುತ್ತ ಕೂತಿದ್ದ. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಹುಡುಗ. ಅವನ ಎರಡು ಕಾಲುಚೀಲ ಎರಡು ಬಣ್ಣ. ನನಗೆ ಇಂಥವೇ ಕಣ್ಣಿಗೆ ಬೀಳುತ್ತವೆ, ಏನು ಮಾಡಲಿ.

“ಅಕ್ಕಾರೇ, ಸೋಮವಾರದಿಂದ ಇಲ್ಲಿ ಕಣ ಆಗ್ತೈತಂತೆ ಹೌದೇನ್ರಿ?” ಎಂದ. ಸೂಜಿಯಿಂದ ಕಣ್ಣೆತ್ತಲಿಲ್ಲ.

“ಜನ ಬಂದ್ರೆ ಆಗಲ್ಲ,” ಎಂದೆ.

“ನಮ್ಮವ್ವನೇ ಬರಲ್ಲ ಬಿಡ್ರಿ. ಕರೀದ ಕಡೆ ನಾ ಯಾಕ್ ಹೋಗ್ಲಿ ಅಂತಾಳೆ.”

ಕೇಳಿಸಿಕೊಂಡು ಮನೆಗೆ ಬಂದೆ. ಸಾರಿಗೆ ಒಗ್ಗರಣೆ ಹಾಕುವಾಗ ಪಕ್ಕದ ಮನೆಯ ಶಾಂತಕ್ಕ ಮೊಸರಿಗೆ ಹೆಪ್ಪು ಕೇಳಲು ಬಂದರು. ನಾನು ಸುಮ್ಮನೆ ಕೇಳಿದೆ: “ಶಾಂತಕ್ಕ, ನೀವ್ಯಾಕೆ ಒಂದಿನಾನೂ ಆಟ ನೋಡಾಕೆ ಬರಲಿಲ್ಲ?”

“ಮೈಕಿನಾಗೆ ಕೂಗಿದ್ರೆ ನಾವು ಬರ್ತೀವೇನೇ? ನಾವೇನು ಕುರಿಗಳಾ?” ಎಂದರು ಶಾಂತಕ್ಕ. “ಮನೆಗೆ ಬಂದು ಕುಂಕುಮ ಕೊಟ್ಟು ಕರೆದ್ರೆ, ಅದು ಬ್ಯಾರೆ ಮಾತು.”

ಒಗ್ಗರಣೆ ಸೀದುಹೋಯಿತು. ನಮ್ಮ ಕಡೆಯ ಪದ್ಧತಿ ನಿಮಗೂ ಗೊತ್ತು. ಸೀಮಂತವಿರಲಿ, ತೊಟ್ಟಿಲ ಕಾರ್ಯವಿರಲಿ, ಮನೆಯ ಸೊಸೆ ಬಾಗಿಲಿಗೆ ಹೋಗಿ ಕುಂಕುಮ ಕೊಟ್ಟು “ಬರ್ರಿ” ಎಂದರೆ ಬಾರದೆ ಇರುವುದು ಮರ್ಯಾದೆಯಲ್ಲ. ಬಂದ ಮೇಲೆ ತಾಂಬೂಲ ತೆಗೆದುಕೊಳ್ಳದೆ ಎದ್ದು ಹೋಗುವುದಂತೂ ಇಲ್ಲವೇ ಇಲ್ಲ. ಟಿವಿಯಲ್ಲಿ ಯಾರ ಸಿನಿಮಾ ಬರಲಿ, ಈ ಕಟ್ಟು ಮುರಿಯುವುದಿಲ್ಲ. ಹೆಂಗಸರು ಬಂದರೆ ಮಕ್ಕಳು ಬರುತ್ತಾರೆ. ಹೆಂಗಸರೂ ಮಕ್ಕಳೂ ಬಂದರೆ ಮನೆಯಲ್ಲಿ ಕಾಫಿ ಕೊಡುವವರಿಲ್ಲದೆ ಗಂಡಸರೂ ಬರುತ್ತಾರೆ.

ಕುಂಕುಮದ ಬೆಳ್ಳಿ ತಟ್ಟೆ ಅತ್ತೆಯ ಪೆಟ್ಟಿಗೆಯಲ್ಲಿ, ಹಳೆಯ ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಅವರ ತವರಿನಿಂದ ಬಂದದ್ದು. ಅತ್ತೆ ಅದನ್ನು ಹುಣಸೆಹಣ್ಣು ಹಾಕಿ ತೊಳೆಯಲು ಸಹ ನನಗೆ ಬಿಡುತ್ತಿರಲಿಲ್ಲ. ನಾನು ಕೇಳಿದಾಗ ನನ್ನನ್ನೇ ನೋಡಿದರು.

“ಯಾರ ಮನೆ ಕಾರ್ಯಕ್ಕೆ?”

“ನಮ್ಮ ಮನೆದೇ ಅತ್ತೆ. ಭಾನುವಾರದ್ದು.”

ಅರ್ಥವಾಯಿತು ಅವರಿಗೆ. ತುಟಿಯ ಒಂದು ಮೂಲೆ ಅಲ್ಲಾಡಿತು, ಅಷ್ಟೇ. “ತಟ್ಟೆ ಹೋದಂಗೇ ಬರಬೇಕು. ಒಂದು ಗೀರು ಬಿದ್ರೂ ನಿನ್ನ ಸುಮ್ಮನೆ ಬಿಡಲ್ಲ ನೋಡು.”

ಶಾಂತಕ್ಕನನ್ನು ಜೊತೆಗೆ ಕರೆದುಕೊಂಡು ನಾಲ್ಕು ದಿನ ಬೀದಿ ಬೀದಿ ಸುತ್ತಿದೆ. ಚಳ್ಳಕೆರೆಯ ಬಿಸಿಲು ಎಂದರೆ ಬಿಸಿಲು. ತಟ್ಟೆ ಕಾದು ಕೈ ಸುಡುತ್ತಿತ್ತು. ಸೆರಗಿನ ತುದಿಯಲ್ಲಿ ಹಿಡಿದುಕೊಳ್ಳುತ್ತಿದ್ದೆ. ಪೇಟೆಯ ಅಂಗಡಿ ಮನೆಗಳು, ಬಸ್‌ಸ್ಟ್ಯಾಂಡಿನ ಹಿಂದಿನ ಸಾಲು, ಹಮಾಲರ ಕೇರಿ. ನನ್ನ ಕಾನ್ವೆಂಟಿನ ಕನ್ನಡ ಮೊದಮೊದಲು ಅಡ್ಡ ಬಂತು. “ದಯವಿಟ್ಟು ಬರಬೇಕು” ಎಂದರೆ ಹೆಂಗಸರು ಬಾಗಿಲ ಹಿಂದೆ ಸರಿಯುತ್ತಿದ್ದರು, ನಾನೇನೋ ಜನಗಣತಿಗೆ ಬಂದವಳೆಂಬಂತೆ. ಶಾಂತಕ್ಕ ನನ್ನನ್ನು ಪಕ್ಕಕ್ಕೆ ತಳ್ಳಿ, “ಮಿಲ್ಲಿನೋರ ಮನೆದು, ಭಾನುವಾರ ಮೂರೂವರೆಗೆ, ಬರ್ರವ್ವಾ ತಪ್ಪಬ್ಯಾಡ್ರಿ” ಎನ್ನುತ್ತಿದ್ದರು. ಆಗ ಹಣೆಗಳು ಮುಂದೆ ಬರುತ್ತಿದ್ದವು.

ತಿಪ್ಪೇಸ್ವಾಮಿಯ ತಾಯಿ ಓಬಮ್ಮ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ತಟ್ಟೆ ನೋಡಿ ಎದ್ದು, ಕೈಯನ್ನು ಸೀರೆಗೆ ಒರೆಸಿಕೊಂಡಳು, ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

“ಮಿಲ್ಲಿನ ಮನೆಯೋರು ನಮಿಗೆ ಕುಂಕುಮ ಕೊಡ್ತೀರೇನವ್ವಾ?”

“ನಿನ್ನ ಮಗ ಆಡ್ತಾನಲ್ಲ ಓಬಮ್ಮ. ನೀನು ಬರದಿದ್ರೆ ಹೆಂಗೆ?”

“ಬರ್ತೀನಿ ಬಿಡ್ರವ್ವಾ. ಆ ನನ್ಮಗ ಚೆಂಡು ಬಿಟ್ರೆ ಅಲ್ಲೇ ಎಳ್ಕಂಡು ಹೊಡೀತೀನಿ,” ಎಂದಳು. ಅವಳ ಹಣೆಗೆ ಕುಂಕುಮ ಇಡುವಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಭಾನುವಾರ ಬಂತು. ಮಿಲ್ಲಿನಿಂದಲೇ ಶೇಂಗಾ ತರಿಸಿ, ಬೆಲ್ಲದ ಪಾಕದಲ್ಲಿ ಉಂಡೆ ಕಟ್ಟಿ, ಎಲೆ ಅಡಿಕೆ ಬಾಳೆಹಣ್ಣಿನ ಜೊತೆ ತಾಂಬೂಲದ ಪೊಟ್ಟಣ ಮಾಡಿ ಬುಟ್ಟಿಗಳಲ್ಲಿ ಬಯಲಿಗೆ ಕಳಿಸಿದ್ದೆ. ನಮ್ಮವರು ಮಧ್ಯಾಹ್ನವೇ ಹೋಗಿದ್ದರು. ಮೂರು ಗಂಟೆಗೆ ಮಾಳಿಗೆ ಹತ್ತಿ ನೋಡಿದೆ. ಸುಣ್ಣದ ಗೆರೆ ಬಿಳಿ ಬಿಳಿ ಹೊಳೆಯುತ್ತಿತ್ತು. ಮೊಳಕಾಲ್ಮೂರಿನವರ ಬಸ್ಸು ಬಂದು ನಿಂತಿತ್ತು. ಬಯಲಿನ ನಾಲ್ಕೂ ಕಡೆ ಖಾಲಿ. ಭಾವನವರು ಒಂದು ಕುರ್ಚಿ ಹಾಕಿಸಿಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

ಮೂರೂ ಕಾಲು. ಯಾರೂ ಇಲ್ಲ. ಮೂರೂವರೆ. ಯಾರೂ ಇಲ್ಲ. ಅಷ್ಟರಲ್ಲಿ ಕೆಳಗೆ ಏನೋ ಗಜಿಬಿಜಿ. ಮೆಟ್ಟಿಲು ಇಳಿದು ಬಂದು ನೋಡುತ್ತೇನೆ, ನಮ್ಮ ಪಡಸಾಲೆ ತುಂಬ ಹೆಂಗಸರು! ಬಾಗಿಲ ಹೊರಗೆ ಚಪ್ಪಲಿಯ ರಾಶಿ. ಮೊಳಕಾಲ್ಮೂರು ಸೀರೆಗಳು, ಮಲ್ಲಿಗೆ, ಕನಕಾಂಬರ, ಕಂಕುಳಲ್ಲಿ ಮಕ್ಕಳು. ಕೆಲವರ ಕೈಯಲ್ಲಿ ಉಡಿ ತುಂಬಲು ಅಕ್ಕಿ, ಕೊಬ್ಬರಿ ಬಟ್ಟಲು. ಜಮಖಾನದ ಮೇಲೆ ಸಾಲಾಗಿ ಕೂತು ಸುತ್ತ ನೋಡುತ್ತಿದ್ದಾರೆ.

“ಯಾರಿಗೆ ಆರತಿ?” ಎಂದರು ಒಬ್ಬರು.

“ಪ್ರಭಾಗೇ ಇರಬೇಕು, ಎಷ್ಟನೇ ತಿಂಗಳೋ?” ಎಂದರು ಇನ್ನೊಬ್ಬರು, ನನ್ನ ಹೊಟ್ಟೆಯನ್ನೇ ನೋಡುತ್ತ.

ತಪ್ಪು ಅವರದ್ದಲ್ಲ. ಕುಂಕುಮ ಕೊಟ್ಟು ಕರೆದರೆ ಮನೆಗೆ ಬರುವುದು, ಬಯಲಿಗೆ ಯಾರು ಹೋಗುತ್ತಾರೆ? ಆಟದ ಮಾತನ್ನು ಶಾಂತಕ್ಕ ಎಷ್ಟು ಮನೆಗಳಲ್ಲಿ ಹೇಳಿದರೋ, ಎಷ್ಟು ಮನೆಗಳಲ್ಲಿ ನುಂಗಿದರೋ. ಅತ್ತೆ ತಮ್ಮ ಉಯ್ಯಾಲೆ ಮಣೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತ ಎಲ್ಲವನ್ನೂ ನೋಡುತ್ತಿದ್ದರು. ಅತ್ತ ಬಯಲಿನಲ್ಲಿ ರೆಫರಿಯ ಸೀಟಿ ಕೇಳಿಸಿತು. ಆಟ ಶುರುವಾಯಿತು.

“ಕಾರ್ಯ ಇಲ್ಲಿ ಅಲ್ಲ, ಹಿಂದೆ ಬಯಲಿನಾಗೆ,” ಎಂದೆ. ಯಾರೂ ಅಲ್ಲಾಡಲಿಲ್ಲ. ಕೂತ ಹೆಂಗಸರನ್ನು ಎಬ್ಬಿಸುವುದು ಎಷ್ಟು ಕಷ್ಟ ಎಂದು ನಿಮಗೆ ಹೇಳಬೇಕಾಗಿಲ್ಲ. ಒಬ್ಬರು ಎದ್ದರೆ ತಾವು ಏಳೋಣ ಎಂದು ಎಲ್ಲರೂ ಕಾಯುತ್ತಾರೆ. ಆಗ ನಾನು ಸಿಸ್ಟರುಗಳ ಪಾಠ ಮರೆತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಮಖಾನದ ಒಂದು ತುದಿ ಹಿಡಿದು ಸುತ್ತತೊಡಗಿದೆ.

“ಏಳ್ರಿ ಏಳ್ರಿ, ಜಮಖಾನ ಅಲ್ಲಿ ಹಾಸಬೇಕು!”

ಜಮಖಾನ ಎಲ್ಲಿ ಹಾಸುತ್ತಾರೋ ಕಾರ್ಯ ಅಲ್ಲಿಯೇ. ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಮುಂದಿನ ಸಾಲು ಎದ್ದಿತು, ಹಿಂದಿನ ಸಾಲು ಎದ್ದಿತು. ಓಬಮ್ಮ ಸುತ್ತಿದ ಜಮಖಾನವನ್ನು ಹೆಗಲ ಮೇಲೆ ಎತ್ತಿಕೊಂಡು ಮುಂದೆ ನಡೆದಳು. ಹಿಂದೆ ಇಡೀ ಮೆರವಣಿಗೆ. ತಟ್ಟೆ ಹಿಡಿದು ನಾನು. ಮಿಲ್ಲಿನ ಮೂಲೆ ತಿರುಗಿ ನಾವು ಬಯಲಿಗೆ ಇಳಿದಾಗ ಚೆಂಡು ಒಂದು ಕಡೆ ಉರುಳಿ ಹೋಯಿತು, ಆಡುವವರು ನಿಂತೇಬಿಟ್ಟರು. ಮೊಳಕಾಲ್ಮೂರಿನ ಹುಡುಗನೊಬ್ಬ, “ಒರೇ, ಎಂತ ಮಂದಿ ರಾ!” ಎಂದು ಜನ ನೋಡಿ ತೆಲುಗಿನಲ್ಲಿ ಬಾಯಿ ತೆರೆದ. ಪೆಂಡಾಲ್ ಹಾಕದ ಮದುವೆ ಎಲ್ಲಿಂದ ಬಂತು ಎಂದುಕೊಂಡಿರಬೇಕು ಪಾಪ.

ನಮ್ಮವರು ನನ್ನ ಕಡೆ ನೋಡಿದ ನೋಟವನ್ನು ನಾನು ಹೇಳುವುದಿಲ್ಲ, ಅದು ನನಗೇ ಇರಲಿ. ಭಾವನವರ ಮೇಲಿನ ಕಾಲು ಕೆಳಗಿಳಿಯಿತು.

ಹೆಂಗಸರು ಎರಡು ಕಡೆ ಕೂತರು. ಮಕ್ಕಳು ಗೋಲಿನ ಹಿಂದೆ. ಅವರನ್ನು ಹುಡುಕಿಕೊಂಡು ಬಂದ ಗಂಡಸರು ನಾಲ್ಕನೆಯ ಬದಿಗೆ. ನಾಲ್ಕೂ ಕಡೆ ತುಂಬಿತು. ಆದರೆ ಮೊಳಕಾಲ್ಮೂರಿನವರು ಬಿರುಸಾಗಿ ಆಡಿದರು. ಅವರಲ್ಲಿ ಹೆಚ್ಚಿನವರು ಮಗ್ಗದ ಮನೆಯ ಹುಡುಗರು. ದಿನವಿಡೀ ಗುಂಡಿಯಲ್ಲಿ ಕಾಲಿಳಿಸಿ ಮಗ್ಗ ತುಳಿಯುವ ಆ ಕಾಲುಗಳಲ್ಲಿ ಚೆಂಡು ಲಾಳಿಯ ಹಾಗೆ ಅತ್ತಿಂದಿತ್ತ ಓಡುತ್ತಿತ್ತು. ಒಂದು ಗೋಲು ಹಾಕಿಯೇಬಿಟ್ಟರು. ಓಬಮ್ಮ ಎದ್ದು ನಿಂತಳು. “ಏನ್ ನೋಡ್ತಿದ್ದಲೇ ಮೂಳ, ಆಕಾಶ ನೋಡ್ತಿದ್ದೇನು?” ಮಗ ತಲೆ ತಗ್ಗಿಸಿ ಬಲೆಯಿಂದ ಚೆಂಡು ತೆಗೆದ.

ಹಾಫ್ ಟೈಮ್ ಆಯಿತು. ನಮ್ಮವರು ಓಡಿ ಬಂದರು. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು.

“ಅವ್ವ ಎಲ್ಲಿ?”

ನಾನು ಹಿಂದೆ ನೋಡಿದೆ. ಮುಂದೆ ನೋಡಿದೆ. ಅತ್ತೆ ಇರಲಿಲ್ಲ. ಊರೆಲ್ಲ ಬಂದಿತ್ತು, ಕಣ್ಣಾರೆ ನೋಡುತ್ತೇನೆ ಎಂದವರೇ ಬಂದಿರಲಿಲ್ಲ. ಭಾವನವರು ಕೂತಲ್ಲಿಂದಲೇ, “ಅವ್ವ ನೋಡಬೇಕು ಅಂದಿತ್ತು, ನಾವು ನೀವು ಹೇಳಿದ್ರೆ ಆಗಲ್ಲ,” ಎಂದು ನೆನಪಿಸಿದರು. ಅಷ್ಟರಲ್ಲಿ ಶಾಂತಕ್ಕನ ಪಕ್ಕ ಕೂತವರು ಸೆರಗು ಸರಿಮಾಡಿಕೊಳ್ಳತೊಡಗಿದರು.

“ಪ್ರಭಾ, ತಾಂಬೂಲ ಕೊಟ್ಟುಬಿಡು ಮಾರಾಯ್ತಿ. ಎಮ್ಮೆ ಕರೀಬೇಕು, ಆಮೇಲೆ ದೀಪ ಹಚ್ಚೋ ಹೊತ್ತಾಗ್ತದೆ.”

ಕೊಟ್ಟೆನೋ, ಎಲ್ಲರೂ ಎದ್ದು ಹೋಗುತ್ತಾರೆ. ಅತ್ತೆ ಬಂದು ನೋಡುವಷ್ಟರಲ್ಲಿ ಬಯಲು ಖಾಲಿ. ಕೊಡದೆ ಎಷ್ಟು ಹೊತ್ತು ತಡೆಯಲಿ? ಆಗ ಹೊಳೆಯಿತು: ಕುಂಕುಮ ಇಡದೆ ತಾಂಬೂಲ ಕೊಡುವಂತಿಲ್ಲ, ಕುಂಕುಮದ ತಟ್ಟೆ ಇರುವುದು ನನ್ನ ಕೈಯಲ್ಲಿ.

“ಬಂದೆ, ಕುಂತಿರ್ರಿ,” ಎಂದವಳೇ ತಟ್ಟೆ ಎದೆಗೆ ಅವುಚಿಕೊಂಡು ಮನೆಯ ಕಡೆ ಓಡಿದೆ.

ಅತ್ತೆ ಉಯ್ಯಾಲೆ ಮಣೆಯ ಮೇಲೆ ಹಾಗೆಯೇ ಕೂತಿದ್ದರು. ತಲೆ ಬಾಚಿಕೊಂಡಿದ್ದರು. ಊರಿಗೆ ಹೋಗುವಾಗ ಉಡುವ ಅಂಚಿನ ಸೀರೆ ಉಟ್ಟಿದ್ದರು. ಎಲೆಅಡಿಕೆ ಚೀಲ ಸೊಂಟದಲ್ಲಿತ್ತು. ಚಪ್ಪಲಿ ಸಹ ಮಣೆಯ ಪಕ್ಕದಲ್ಲೇ ಇತ್ತು.

“ಬರ್ರಿ ಅತ್ತೆ, ಬೇಗ ಬರ್ರಿ,” ಎಂದೆ ಏದುಸಿರು ಬಿಡುತ್ತ. “ಜನ ತುಂಬೈತೆ. ನೀವು ನೋಡಬೇಕು.”

ಅಡಕತ್ತರಿ ನಿಂತಿತು.

“ಊರಿಗೆಲ್ಲ ಕರೆದು ಬಂದ್ಯಲ್ಲ, ನನ್ನ ಯಾರು ಕರೆದ್ರು?”

ಕುಂಕುಮದ ತಟ್ಟೆ ಹಿಡಿದು ಹೊರಟವಳಿಗೆ ಗಂಡನಿಲ್ಲದ ಹೆಣ್ಣುಮಗಳನ್ನು ಹೇಗೆ ಕರೆಯುವುದು ಎಂಬುದು ತೋಚಿಯೇ ಇರಲಿಲ್ಲ. ಅಂಥ ಮನೆಗಳ ಬಾಗಿಲಲ್ಲಿ ಶಾಂತಕ್ಕ ಬಾಯಲ್ಲಿ “ನೀವೂ ಬರ್ರಿ” ಎಂದಿದ್ದರು. ನಮ್ಮ ಮನೆಯ ಬಾಗಿಲಲ್ಲಿ ಅದನ್ನೂ ಯಾರೂ ಹೇಳಿರಲಿಲ್ಲ. ಸೀರೆ ಉಟ್ಟು, ಚಪ್ಪಲಿ ಹತ್ತಿರ ಇಟ್ಟುಕೊಂಡು ಅವರು ಕಾಯುತ್ತ ಕೂತಿದ್ದು ಆ ಒಂದು ಮಾತಿಗೆ.

ಬಯಲಿನಿಂದ ಮತ್ತೆ ಸೀಟಿ ಕೇಳಿಸಿತು. ದೇವರ ಕೋಣೆಗೆ ಹೋದೆ. ಕುಂಕುಮವನ್ನು ಒಂದು ಬಟ್ಟಲಿಗೆ ಸುರಿದು, ತಟ್ಟೆಯನ್ನು ಸೆರಗಿನಿಂದ ಒರೆಸಿ, ನಡುವೆ ವಿಭೂತಿ ಗಟ್ಟಿ ಇಟ್ಟು ತಂದೆ. ಹೊಸ್ತಿಲ ಹೊರಗೆ ನಿಂತೆ, ಬೇರೆಯವರ ಮನೆಗೆ ಬಂದವಳ ಹಾಗೆ.

“ಅತ್ತೆ, ನಮ್ಮ ಮನೆದು ಆಟ ಐತೆ. ತಪ್ಪದಂಗೆ ಬರಬೇಕ್ರಿ.”

ಅತ್ತೆ ಎದ್ದು ಬಂದರು. ಮೂರು ಬೆರಳಿಗೆ ವಿಭೂತಿ ತೆಗೆದುಕೊಂಡು ಹಣೆಗೆ ಎಳೆದುಕೊಂಡರು. ಆಮೇಲೆ ತಟ್ಟೆಯನ್ನು ನನ್ನ ಕೈಯಿಂದ ಕಿತ್ತುಕೊಂಡರು.

“ಇಲ್ಲಿ ಕೊಡು. ಓಡೋಳು ಎಲ್ಲಾದ್ರೂ ಬೀಳಿಸ್ತೀಯ. ಕುಂಕುಮದ ಬಟ್ಟಲು ನೀ ಹಿಡ್ಕ.”

ಮಿಲ್ಲಿನ ಮೂಲೆಗೆ ಬರುವಷ್ಟರಲ್ಲಿ ಬಯಲಿನಿಂದ ದೊಡ್ಡ ಗದ್ದಲ ಎದ್ದಿತು. ನಮ್ಮ ಹುಡುಗರು ಗೋಲು ಹಾಕಿದ್ದರು. ನನ್ನ ಜೀವಮಾನದಲ್ಲಿ ನಾನು ನೋಡಬೇಕಾಗಿದ್ದ ಒಂದೇ ಒಂದು ಗೋಲು, ಆಗ ನಾನು ಅತ್ತೆಯ ಚಪ್ಪಲಿಯ ಬಾರು ಸರಿಮಾಡುತ್ತಿದ್ದೆ.

ಅತ್ತೆ ಬಯಲಿನ ಅಂಚಿಗೆ ಬಂದು ನಿಂತು ನಾಲ್ಕೂ ಕಡೆ ಕಣ್ಣು ತಿರುಗಿಸಿದರು. ನಮ್ಮವರು ಒಂದು ಕುರ್ಚಿ ತಂದರು. ಅತ್ತೆ ಅದನ್ನು ಬಿಟ್ಟು ಓಬಮ್ಮನ ಪಕ್ಕ ಜಮಖಾನದ ಮೇಲೆ ಕೂತು, ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅಡಿಕೆ ಕತ್ತರಿಸತೊಡಗಿದರು. ಮುಖದಲ್ಲಿ ಏನೂ ಕಾಣಿಸುತ್ತಿರಲಿಲ್ಲ. ಭಾವನವರೂ ಬಂದು ಹಿಂದೆ ನಿಂತರು.

“ಕುಂಕುಮದ ಮುಲಾಜಿಗೆ ಬಂದಾರವ್ವಾ ಇವ್ರು. ಆಟ ಯಾರಿಗೆ ಬೇಕಾಗೈತೆ? ತಾಂಬೂಲ ಕೊಟ್ಟು ನೋಡು, ಒಬ್ರೂ ಉಳಿಯಲ್ಲ,” ಎಂದರು.

ಅತ್ತೆ ನನ್ನ ಕಡೆ ತಿರುಗಿದರು. “ಹೌದೇನು? ಕೊಟ್ಟುಬಿಡು ಹಂಗಾದ್ರೆ. ನೋಡೇಬಿಡಾಣ.”

ನಮ್ಮವರು ಬೇಡವೆಂದು ಕಣ್ಣಲ್ಲೇ ಹೇಳುತ್ತಿದ್ದರು. ಆದರೆ ಅತ್ತೆಯ ಮಾತಿಗೆ ಎದುರಾಡಿದವರಿಲ್ಲ. ಶಾಂತಕ್ಕ ಬುಟ್ಟಿ ಎತ್ತಿಕೊಂಡರು. ನಾನು ಬಟ್ಟಲು ಹಿಡಿದು ಸಾಲಿನ ತುದಿಯಿಂದ ಶುರುಮಾಡಿದೆ. ಒಂದು ಹಣೆಗೆ ಕುಂಕುಮ, ಒಂದು ಕೈಗೆ ಪೊಟ್ಟಣ. ಎಮ್ಮೆ ಕರೆಯಬೇಕು ಎಂದಿದ್ದವರು ತೆಗೆದುಕೊಂಡು ಎದ್ದರು. ಅವರ ಹಿಂದೆ ಇನ್ನಿಬ್ಬರು ಎದ್ದರು.

ಅಷ್ಟರಲ್ಲಿ ಸೀಟಿ. ಉದ್ದ ಸೀಟಿ. ನಮ್ಮ ಹುಡುಗನೊಬ್ಬ ನಮ್ಮ ಗೋಲಿನ ಮುಂದೆಯೇ ಮೊಳಕಾಲ್ಮೂರಿನವನ ಕಾಲಿಗೆ ಕಾಲು ಕೊಟ್ಟು ಬೀಳಿಸಿದ್ದ. ಪೆನಾಲ್ಟಿ. ಎಲ್ಲರೂ ದೂರ ಸರಿದರು. ಗೋಲಿನಲ್ಲಿ ತಿಪ್ಪೇಸ್ವಾಮಿ ಒಬ್ಬನೇ, ಎದುರಿಗೆ ಅವರ ಕಡೆಯವನೊಬ್ಬ, ನಡುವೆ ಚೆಂಡು.

“ಇದೇನಿದು?” ಎಂದರು ಅತ್ತೆ. “ಉಳಿದೋರೆಲ್ಲ ಎಲ್ಲಿಗೆ ಹೋದ್ರು? ಆ ಹುಡುಗನ್ನ ಒಬ್ಬನ್ನೇ ಬಿಟ್ಟು ನಿಂತ್ರಾ?”

“ಹಂಗೇ ಅತ್ತೆ, ಇದಕ್ಕೆ ಅವನೊಬ್ಬನೇ ನಿಲ್ಲಬೇಕು.”

“ಇದ್ಯಾವ ಸೀಮೆ ನ್ಯಾಯ? ಯಾರೋ ತಪ್ಪು ಮಾಡಿದ್ದಕ್ಕೆ ಇವನೊಬ್ಬ ನಿಂತ್ಕಬೇಕಾ?”

ಅಲ್ಲಿಯತನಕ ಮಗನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದ ಓಬಮ್ಮ ಈಗ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಸುಕಿ ಹಿಡಿದಿದ್ದಳು. ಒಳಗಿನ ಉಂಡೆ ಪುಡಿಯಾಗುವುದು ನನಗೆ ಕೇಳಿಸಿತು. ಅತ್ತೆ ಅವಳನ್ನು ನೋಡಿದರು. ಗೋಲಿನ ಕಡೆ ನೋಡಿದರು. ಎದ್ದು ಹೊರಟಿದ್ದ ಹೆಂಗಸರು ಹೋದಲ್ಲೇ ತಿರುಗಿ ನಿಂತಿದ್ದರು. ಒಂದು ಮಗು ಅತ್ತಿತು, ಯಾರೋ ಅದರ ಬಾಯಿ ಮುಚ್ಚಿದರು. ಮಿಲ್ಲು ಭಾನುವಾರ ಬಂದ್. ಆ ಊರಿನಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಸಿಸ್ಟರುಗಳು ಮೆಚ್ಚುತ್ತಿದ್ದರು.

ಮೊಳಕಾಲ್ಮೂರಿನವನು ಓಡಿ ಬಂದ. ಒದ್ದ. ತಿಪ್ಪೇಸ್ವಾಮಿ ಎಡಕ್ಕೆ ಹಾರಿದ. ಧೂಳು ಎದ್ದಿತು, ಏನೂ ಕಾಣಲಿಲ್ಲ. ಧೂಳು ಇಳಿಯಿತು. ನೆಲದ ಮೇಲೆ ಒಂದು ಕೆಂಪು ಕಾಲುಚೀಲ, ಒಂದು ನೀಲಿ ಕಾಲುಚೀಲ. ಹುಡುಗ ಮುದುಡಿ ಮಲಗಿದ್ದ, ಮೂಟೆ ತಬ್ಬಿಕೊಂಡ ಹಾಗೆ. ಅವನ ಹೊಟ್ಟೆಯ ಹತ್ತಿರ ಚೆಂಡು.

ಆಮೇಲೆ ಕೇಳಿದ್ದು ಠಣ್ ಎಂಬ ಸದ್ದು. ಠಣ್, ಠಣ್, ಠಣ್. ದೇವಸ್ಥಾನದ ಜಾಗಟೆ ಎಂದುಕೊಂಡೆ ಮೊದಲು. ತಿರುಗಿ ನೋಡಿದರೆ ಅತ್ತೆ ಜಮಖಾನದ ಮೇಲೆ ಎದ್ದು ನಿಂತಿದ್ದಾರೆ. ಎಡಗೈಯಲ್ಲಿ ತವರಿನ ಬೆಳ್ಳಿ ತಟ್ಟೆ, ಬಲಗೈಯಲ್ಲಿ ಅಡಕತ್ತರಿ. “ಹಿಡಿದ ನೋಡೇ ಓಬಿ! ಹಿಡಿದ ನಿನ ಮಗ!” ಎನ್ನುತ್ತ ಬಾರಿಸುತ್ತಿದ್ದಾರೆ, ಬಾರಿಸುತ್ತಿದ್ದಾರೆ. ವಿಭೂತಿ ಗಟ್ಟಿ ಎಲ್ಲೋ ಹಾರಿ ಹೋಗಿತ್ತು. ಅಡಿಕೆ ಚೂರು ಚೆಲ್ಲಾಪಿಲ್ಲಿ. ಓಬಮ್ಮ ಅವರ ಸೊಂಟ ತಬ್ಬಿಕೊಂಡು ಅಳುತ್ತಿದ್ದಳು. ನಾನೂ ಕೂಗಿದೆನಂತೆ. ಶಾಂತಕ್ಕ ಹೇಳುತ್ತಾರೆ, ನಾನು ನಂಬುವುದಿಲ್ಲ.

“ಅವ್ವಾ! ತಟ್ಟೆ!” ಎಂದರು ಭಾವನವರು.

ಅತ್ತೆಯ ಕೈ ನಿಂತಿತು. ತಟ್ಟೆಯನ್ನು ತಿರುಗಿಸಿ ನೋಡಿಕೊಂಡರು. ಹೆಬ್ಬೆರಳಿನಿಂದ ತಗ್ಗುಗಳನ್ನು ಒಂದೊಂದಾಗಿ ಸವರಿದರು. ಆಮೇಲೆ ಹಿರಿಯ ಮಗನ ಮುಖ ನೋಡಿದರು.

“ಶೇಂಗಾ ಒಣಗಾಕೆ ನಮ್ಮ ಮಾಳಿಗೆ ಐತೆ,” ಎಂದರು. “ಹುಡುಗ್ರು ಮಾಳಿಗೆ ಮ್ಯಾಲೆ ಆಡಾಕಾಗ್ತದೇನಲೇ?”

ಸೋಮವಾರ ಇಟ್ಟಿಗೆ ಇಳಿಯಲಿಲ್ಲ. ಅಂದಿನ ಆಟ ಒಂದಕ್ಕೊಂದು ಸಮವಾಗಿ ಮುಗಿಯಿತು. ಮೊಳಕಾಲ್ಮೂರಿನ ಹುಡುಗರೂ ತಾಂಬೂಲ ತೆಗೆದುಕೊಂಡು, ಮುಂದಿನ ಸಲ ಅಲ್ಲಿಗೆ ಬರಬೇಕೆಂದು ಕರೆದು ಹೋದರು. ಆಮೇಲಿನ ಭಾನುವಾರಗಳಲ್ಲಿ ನಾನು ಯಾರ ಮನೆಗೂ ಹೋಗಿ ಕರೆಯಲಿಲ್ಲ. ಜಮಖಾನ ಹಾಸುತ್ತಿದ್ದೆ, ಅಷ್ಟೇ. ಅದು ಅವರವರ ಮಾಳಿಗೆಯಿಂದ ಕಂಡರೆ ಸಾಕಿತ್ತು. ಎಷ್ಟೋ ಮನೆಗಳಲ್ಲಿ ಟಿವಿ ತಾನೊಂದೇ ಸಿನಿಮಾ ನೋಡುತ್ತಿತ್ತು.

ಆ ಆಟದ ಮಾರನೆಯ ವಾರ ಅಕ್ಕಸಾಲಿ ನಮ್ಮ ಬೀದಿಗೆ ಬಂದಿದ್ದ. ನಾನೇ ತಟ್ಟೆ ತೆಗೆದು ತೋರಿಸಿದೆ. ಅವನು ಬೆರಳಲ್ಲಿ ಮೀಟಿ ನೋಡಿ, ಹಿಂದಿನಿಂದ ತಟ್ಟಿದರೆ ತಗ್ಗೆಲ್ಲ ಮೇಲೆ ಬರುತ್ತದೆ, ಹೊಸದರ ಹಾಗೆ ಮಾಡಿಕೊಡುತ್ತೇನೆ ಎಂದ. ಅತ್ತೆ ಒಳಗಿನಿಂದ ಬಂದು ತಟ್ಟೆ ಕಸಿದುಕೊಂಡು ರೇಷ್ಮೆ ಬಟ್ಟೆಯಲ್ಲಿ ಸುತ್ತತೊಡಗಿದರು.

“ಈಗಲೇ ಬ್ಯಾಡ ತಡಿಯಪ್ಪಾ,” ಎಂದರು. “ಮೊಳಕಾಲ್ಮೂರಿನಾಗೆ ಇನ್ನೊಂದು ಆಟ ಐತೆ.”